ಉಲ್ಟಾ ಬಿದ್ದ ಚುಕ್ಕಿಗಳು

ರೇಣುಕವ್ವನಿಗೆ ಆ ಶುಕ್ರವಾರ ಮೂಗಿನ ತುದಿಯಲ್ಲೇ ಸಿಟ್ಟು. ಅಣ್ಣಿಗೇರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದಳು. ಗೈಡು ಒಪ್ಪಿಸಿದ್ದು ಒಂದೇ ಕೆಲಸ. ಸಾವಿರಾರು ನಕ್ಷತ್ರಗಳು ಚೆಂಡಿನಂತೆ ಒತ್ತೊತ್ತಾಗಿ ಕೂಡಿದ ಗುಚ್ಛವೊಂದರಲ್ಲಿ, 1938ರಲ್ಲಿ ಒಂದು ಚುಕ್ಕಿ ಭಗ್ಗನೆ ಉರಿದು ಮತ್ತೆ ಮಂಕಾಗಿತ್ತು. ಅಂಥದಕ್ಕೆ ನೋವಾ ಅನ್ನುತ್ತಾರೆ. ಅದು ಈಗ ಯಾವ ಚುಕ್ಕಿಯಾಗಿ ಉಳಿದಿದೆ ಎಂದು ಹುಡುಕಬೇಕು.

ಕೈಯಲ್ಲಿದ್ದುದು ಎರಡು ಫೋಟೋ: ನೋವಾ ಉರಿಯುತ್ತಿದ್ದಾಗಿನ ಹಳೆಯದರ ನಕಲು, ಹೋದ ವರ್ಷ ತೆಗೆದ ಹೊಸದು. ಹಳೆಯದರ ಚುಕ್ಕಿಗಳನ್ನು ಬಟರ್ ಪೇಪರಿಗೆ ಇಳಿಸಿ, ದಪ್ಪನೆಯ ಮೂವತ್ತೆರಡನ್ನು ಗೆರೆಯಿಂದ ಜೋಡಿಸಿ, ಹೊಸದರ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಹನ್ನೊಂದು ತಿಂಗಳಾಗಿತ್ತು. ನಾಲ್ಕು ಚುಕ್ಕಿ ಕೂಡಿದರೆ ಐದನೆಯದು ಕೂಡುತ್ತಿರಲಿಲ್ಲ. ಗೈಡಿಗೆ ಬರೆದರೆ, 'ತಾಳ್ಮೆ ಇರಲಿ' ಅಂತ ಒಂದು ಕಾರ್ಡು.

ಅವಳ ಬಾಡಿಗೆ ಕೋಣೆಯ ಕೆಳಗೇ ರಹಿಮಾನಸಾಬನ ಟೇಲರ್ ಅಂಗಡಿ. ಶುಕ್ರವಾರ ಮಧ್ಯಾಹ್ನ ಅವನು ನಮಾಜಿಗೆ ಹೋದಾಗ ಬಟ್ಟೆ ಕತ್ತರಿಸುವ ದೊಡ್ಡ ಮೇಜು ಅವಳದು. ಅವನು ಮರಳಿ ಬಂದಾಗ ಅವಳು ಪೆನ್ಸಿಲು ಒಗೆದು ಕೂತಿದ್ದಳು.

"ಏನಾತ್ರಿ ಅಕ್ಕಾರ?"

"ಏನಾಗೂದೈತಿ ಕಾಕಾ! ಇದೂ ಅದ ಆಕಾಶ, ಅದೂ ಅದ ಆಕಾಶ. ಒಂದಕ್ಕೊಂದು ಹೊಂದಾಕ ತಯಾರಿಲ್ಲ."

ರಹಿಮಾನಸಾಬ ಚಾಳೀಸು ಏರಿಸಿ ಬಗ್ಗಿ ನೋಡಿದ. "ಬಲತೋಳಿನ ಜಾಗಾಕ್ಕ ಎಡತೋಳು ಹಚ್ಚಿದಂಗ ಕಾಣತೈತ್ರಿ. ಎಷ್ಟು ತಿರುಗಿಸಿದ್ರೂ ಕೂಡೂದಿಲ್ಲ. ಮಗಚಿ ಹಾಕ್ರಿ."

"ಮಗಚೂದಂದ್ರ? ಗೈಡು ಫೋಟೋದ ಹಿಂದ ದಿಕ್ಕು ಬರದು ಕೊಟ್ಟಾರ..." ಅಂದವಳು ಮಾತು ಮುಗಿಸಲಿಲ್ಲ. ಕಾಗದ ಮಗುಚಿ ತುಸು ಸರಿಸುವಷ್ಟರಲ್ಲಿ ಮೂವತ್ತೆರಡು ಚುಕ್ಕಿಗಳೂ ಸರಿಯಾಗಿ ಕೂತವು. ನಕಲು ತೆಗೆದವರು ಹಳೆಯ ಫೋಟೋದ ಗಾಜಿನ ಪ್ಲೇಟನ್ನೇ ಮಗುಚಿಟ್ಟು ಪ್ರಿಂಟು ಹಾಕಿದ್ದರು. ಗೈಡು ಕಣ್ಣೆತ್ತಿಯೂ ನೋಡಿರಲಿಲ್ಲ.

"ಹನ್ನೊಂದು ತಿಂಗಳು ಕಾಕಾ!" ಅವಳು ಹಣೆ ಬಡಿದುಕೊಂಡಳು. "ನನ್ನ ಬುದ್ಧಿನರ ಎಲ್ಲಿ ಹೋಗಿತ್ತು!"

"ಈಗರ ಸಿಕ್ತಲ್ರಿ ನಿಮ್ಮ ಚುಕ್ಕಿ?"

ಅವಳು ಭೂತಗನ್ನಡಿ ಹಿಡಿದಳು. ನೋವಾ ಇದ್ದ ಜಾಗದಲ್ಲಿ ಮೂರು ಮಸುಕು ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಯಾವುದು ಅಂತ ಈ ಫೋಟೋ ಹೇಳಲಾರದು.

"ಮೂರು ಅದಾವ," ಅಂದಳು ಹಲ್ಲು ಕಚ್ಚಿ.

"ಸಾವಿರದಾಗಿಂದ ಮೂರಕ್ಕ ಬಂತಲ್ರಿ," ಎಂದು ಅವನು ಮಶೀನಿಗೆ ದಾರ ಪೋಣಿಸಿದ.

ಗೈಡಿಗೆ ಬರೆದ ಮೊದಲ ಪತ್ರವನ್ನು ಅವಳೇ ಹರಿದಳು. ಅದರಲ್ಲಿ ಬೈಗುಳವೇ ಜಾಸ್ತಿ ಇತ್ತು. ಎರಡನೆಯದನ್ನು ರಜಿಸ್ಟರ್ ಮಾಡಿಸಿದಳು. ಮೂರು ವಾರಕ್ಕೆ ಉತ್ತರ ಬಂತು: 'ಶಾಭಾಸ್. ಮೂರನ್ನೂ ಬರೆದುಬಿಡು.' ತಪ್ಪಿನ ಬಗ್ಗೆ ಒಂದಕ್ಷರವಿಲ್ಲ. ಅವಳು ಕಾರ್ಡನ್ನು ಎರಡು ಸಲ ಓದಿ, ಮೇಜಿನ ಮೇಲೆ ಬಡಿದು, ಮೂರರಲ್ಲಿ ಮೊದಲನೆಯ ಚುಕ್ಕಿಯ ಅಳತೆ ತೆಗೆಯಲು ಕೂತಳು.