ಹಯಾತ್ ಸೇಠನ ಗೋಡೆ

ಶಿರಸಿಯ ಗಾಡಿಗಲ್ಲಿಯಲ್ಲಿ ಗಂಡಸರೆಂಬವರು ಯಾರೂ ಉಳಿದಿಲ್ಲ, ಗಡ್ಡ ಮೀಸೆ ಹೊತ್ತು ತಿರುಗುವವರಿದ್ದಾರೆ ಅಷ್ಟೇ ಎಂದು ಚಾಂದ್ ಬಿ ತೀರ್ಮಾನಿಸಿದ್ದು ಹಯಾತ್ ಸೇಠನ ಗೋಡೆ ಎದ್ದ ವರ್ಷ. ಅದಕ್ಕೆ ಮೊದಲೂ ಆಕೆಗೆ ಅವರ ಮೇಲೆ ಹೇಳಿಕೊಳ್ಳುವಂಥ ಗೌರವವೇನೂ ಇರಲಿಲ್ಲ ಎನ್ನಿ.

ಈ ಹಯಾತ್ ಹುಟ್ಟುವಾಗಲೇ ಸೇಠನಾಗಿರಲಿಲ್ಲ. ಅದೇ ಗಲ್ಲಿಯವನು. ಚಾಂದ್ ಬಿಯ ಗಂಡ ಖುರ್ಷಿದ್ ಸಾಬರ ಹಿಂದೆ ಎತ್ತಿನ ಗಾಡಿ ಹೊಡೆದುಕೊಂಡು ಘಟ್ಟ ಹತ್ತಿ ಇಳಿಯುತ್ತಿದ್ದವನು. ಎಲ್ಲಿಂದಲೋ ಒಂದು ಹಳೆಯ ಮೋಟಾರು ತಂದು ಯಲ್ಲಾಪುರಕ್ಕೆ ಜನರನ್ನು ಸಾಗಿಸತೊಡಗಿದ ಮೇಲೆ ಹೆಸರಿನ ಹಿಂದೆ ಸೇಠ ಬಂದು ಕೂತಿತು. ಗಲ್ಲಿಯ ಬಾಯಲ್ಲೇ ಇದ್ದ ಅವನ ಷೆಡ್ಡಿನಿಂದ ಬೆಳಗಿನ ನಮಾಜಿಗೂ ಮುಂಚೆ ಹೊಗೆ, ಗುರುಗುರು, ಎಣ್ಣೆಯ ನಾತ. ಒಣಹಾಕಿದ ಬಟ್ಟೆ ಕಪ್ಪಾಗುತ್ತಿತ್ತು, ತೊಟ್ಟಿಲ ಕೂಸುಗಳು ಬೆಚ್ಚಿ ಬೀಳುತ್ತಿದ್ದವು. ಅದನ್ನೆಲ್ಲ ಸಹಿಸಿಕೊಂಡದ್ದಕ್ಕೆ ಬಹುಮಾನವೆಂಬಂತೆ ಎರಡನೆಯ ಮೋಟಾರು ಬಂತು. ಅದಕ್ಕೆ ಜಾಗ ಬೇಕಲ್ಲ. ಹಯಾತ್ ಸೇಠ ಷೆಡ್ಡನ್ನು ಗಲ್ಲಿಯ ತಿರುವಿನವರೆಗೂ ಚಾಚಲು ಪಾಯ ತೋಡಿಸಿದ.

ಪಾಯದ ಅಂಚಿಗೆ ಚಾಂದ್ ಬಿಯೂ ಬಂದು ನಿಂತಳು. ಉಳಿದವರು ಇನ್ನು ಗಾಡಿ ತಿರುಗುವುದು ಹೇಗೆ ಎಂದು ನೋಡಿದರೆ, ಆಕೆ ನೋಡಿದ್ದು ಜನಾಜಾ ತಿರುಗುವುದು ಹೇಗೆ ಎಂದು. ಸತ್ತವರನ್ನು ಒಯ್ಯಲು ಮಸೀದಿಯಿಂದ ತರುವ ಆ ಮರದ ಮಂಚ ಉದ್ದನೆಯದು. ಎರಡೂ ಕಡೆ ಹೆಗಲು ಕೊಡುವವರಿಗೆ ಜಾಗ ಬೇಕು. ಹೆಗಲು ಕೊಡುವುದು ಪುಣ್ಯವೆಂದು ಜನ ಮುಗಿಬಿದ್ದು ಕೊಡುವುದು ರೂಢಿ, ಖುರ್ಷಿದ್ ಸಾಬರಂತೂ ಆ ಗಲ್ಲಿಯ ಒಂದು ಸಾವನ್ನೂ ತಪ್ಪಿಸಿದವರಲ್ಲ. ಎತ್ತು ಬಿಚ್ಚಿ, ಉಣ್ಣುವ ಅನ್ನ ಬಿಟ್ಟು ಓಡಿ ಬಂದು ಹೊತ್ತವರು. ಹಯಾತನ ಅಪ್ಪನನ್ನೂ ಹೊತ್ತಿದ್ದರು. ಈಗ ಹಾಸಿಗೆ ಹಿಡಿದು, ಹಕೀಮನೂ ಕೈಬಿಟ್ಟ ಮೇಲೆ, ಹೆಂಡತಿಯನ್ನು ಕೇಳಿಕೊಂಡದ್ದು ಒಂದೇ.

"ಮನೆ ಬಾಗಿಲಿಂದ ಖಬರಸ್ತಾನದ ತನಕ ನಮ್ಮ ಗಲ್ಲಿ ಮಂದಿ ಹೆಗಲ ಮೇಲೇ ಒಯ್ಲಿ."

ಅಷ್ಟೂ ನಡೆಸಿಕೊಡಲಾಗದಿದ್ದರೆ ತಾನು ಹೆಂಡತಿಯಾಗಿದ್ದು ಯಾತಕ್ಕೆ ಎಂದು ಚಾಂದ್ ಬಿಗೆ ಅನಿಸಿತ್ತು.

ಗಲ್ಲಿಯವರು ಬೆಲ್ಲದ ವ್ಯಾಪಾರಿ ಜಹಾಂಗೀರ್ ಸಾಬನ ಜಗಲಿಯಲ್ಲಿ ಸಭೆ ಸೇರಿದರು. ಜಹಾಂಗೀರ್ ಸಾಬ್ ಗುಡುಗಿದ್ದೇ ಗುಡುಗಿದ್ದು. ಒಂದು ಕಲ್ಲೂ ಏಳಗೊಡುವುದಿಲ್ಲ, ಬೇಕಾದರೆ ಪಾಯದಲ್ಲಿ ತಾನೇ ಮಲಗುತ್ತೇನೆ ಎಂದ. ಗಲ್ಲಿಯ ಕೊನೆಯ ಮನೆಯ ಮಡಿವಾಳಪ್ಪ ಹೂಂಗುಟ್ಟಿದ. ಎಲ್ಲರೂ ದಂಡು ಕಟ್ಟಿಕೊಂಡು ಹಯಾತನ ಬಳಿ ಹೋದರು, ಚಹಾ ಕುಡಿದರು, ವಾಪಸು ಬಂದರು. ಮರುದಿನದಿಂದ ಜಹಾಂಗೀರ್ ಸಾಬನ ಬೆಲ್ಲದ ಮೂಟೆಗಳು ಬಾಡಿಗೆಯಿಲ್ಲದೆ ಮೋಟಾರಿನ ತಲೆ ಏರಿದವು. ಮಡಿವಾಳಪ್ಪನ ಅಳಿಯ ಕ್ಲೀನರ್ ಆದ. ಊರು ಬೆಳೆಯುವಾಗ ಅಡ್ಡಗಾಲು ಹಾಕಬಾರದು ಎಂಬ ಜ್ಞಾನೋದಯ ಇಡೀ ಗಲ್ಲಿಗೆ ಒಂದೇ ಸಲ ಆಯಿತು. ಪಾಯದಲ್ಲಿ ಯಾರೂ ಮಲಗಲಿಲ್ಲ.

ಜನಾಜಾ ತಿರುಗುವಷ್ಟಾದರೂ ಜಾಗ ಬಿಡು ಎಂದು ಚಾಂದ್ ಬಿ ತಾನೇ ಹೋಗಿ ಕೇಳಿದಳು. ಹಯಾತ್ ಎದ್ದು ನಿಂತು, ಚಾಚಾ ಇನ್ನೂ ಭಾಳ ದಿನ ಇರ್ತಾರೆ, ಅಪಶಕುನದ ಮಾತು ಯಾಕೆ ಚಾಚಿ ಎಂದು ಬಹಳ ನಯವಾಗಿ ಹೇಳಿ, ಸಂಜೆಗೆ ಒಂದು ಡಬ್ಬಿ ಬಿಸ್ಕೀಟು ಕಳಿಸಿದ. ಆಕೆ ಅದನ್ನು ಬೀದಿಗೆಸೆಯಬೇಕೆಂದಿದ್ದಳು. ಅಷ್ಟರಲ್ಲಿ ಖುರ್ಷಿದ್ ಸಾಬ್ ಒಂದನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟಾಗಿತ್ತು. ಹುಡುಗ ಮರೆತಿಲ್ಲ ನೋಡು ಎಂದು ಸಂತೋಷಪಟ್ಟರು. ಅವರ ಮೇಲೂ ಆಕೆಗೆ ಅವತ್ತು ಸಿಟ್ಟು ಬಂತು. ಆದರೂ ಬಾಯಿ ಒರೆಸಿ ಮಲಗಿಸಿದಳು.

ಗೋಡೆ ತಿರುವಿನವರೆಗೂ ಎದ್ದಿತು. ಮಳೆಗಾಲ ಮುಗಿಯುವ ಹೊತ್ತಿಗೆ ಖುರ್ಷಿದ್ ಸಾಬ್ ತೀರಿಕೊಂಡರು.

ಮಸೀದಿಯಿಂದ ತಂದ ಜನಾಜಾ ತಿರುವಿನಲ್ಲಿ ಸಿಕ್ಕಿಕೊಂಡಿತು. ಖಾಲಿಯಿದ್ದದ್ದರಿಂದ ಅದನ್ನು ನೆಟ್ಟಗೆ ನಿಲ್ಲಿಸಿ ದಾಟಿಸಿದರು. ಹೆಣವಿರುವ ಜನಾಜಾವನ್ನು ಹಾಗೆ ನಿಲ್ಲಿಸಲಾಗುತ್ತದೆಯೇ? ಗಂಡಸರು ತಲೆ ಕೆರೆದುಕೊಂಡು ನಿಂತಿರುವಾಗ ಹಯಾತ್ ಸೇಠ ತಿರುವಿನ ಈಚೆ, ಮನೆಗಳ ಕಡೆಗಿದ್ದ ಷೆಡ್ಡಿನ ಹಿಂಬಾಗಿಲು ತೆಗೆಸಿದ. ಹೊಸ ಮೋಟಾರನ್ನು ತೊಳೆಸಿ, ನಡುವಿನ ಬೆಂಚುಗಳನ್ನು ತೆಗೆಸಿ ಇಟ್ಟಿದ್ದ. ಚಾಚಾನನ್ನು ತಾನೇ ಕೂರಿಸಿಕೊಂಡು ಹೋಗುತ್ತೇನೆ ಎಂದ.

ಚಾಂದ್ ಬಿ ಬಾಗಿಲ ಮರೆಯಿಂದಲೇ ಹೇಳಿ ಕಳಿಸಿದಳು: ಮೋಟಾರು ಬೇಡ, ಷೆಡ್ಡಿನೊಳಗಿಂದ ದಾರಿ ಬಿಟ್ಟರೆ ಸಾಕು, ಹೆಗಲ ಮೇಲೆ ಒಯ್ಯಿರಿ. ದಾರಿ ಬಿಡಲು ಹಯಾತನಿಗೆ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ಹೊರಬೇಕಾದವರಿಗೆ. ಖಬರಸ್ತಾನ ಆಚೆ ತುದಿಯಲ್ಲಿ, ದಾರಿಯುದ್ದಕ್ಕೂ ಕೆಸರು, ಮೇಲಾಗಿ ಹೊಸ ಮೋಟಾರಿನಲ್ಲಿ ಅವರಲ್ಲಿ ಯಾರೂ ಇನ್ನೂ ಕೂತಿರಲಿಲ್ಲ.

"ಸೇಠ್ ತಾನಾಗೇ ಕೊಡ್ತೇನೆ ಅನ್ನೋವಾಗ ಬೇಡ ಅಂದ್ರೆ ಹೆಂಗೆ?" ಎಂದ ಜಹಾಂಗೀರ್ ಸಾಬ್. "ಇಂಥ ಮರ್ಯಾದೆ ಶಿರಸೀಲಿ ಯಾರಿಗೆ ಸಿಕ್ಕಿದೆ ಹೇಳ್ರಿ."

ಜನಾಜಾವನ್ನು ಕೈಯಲ್ಲೇ ಎತ್ತಿ ಷೆಡ್ಡಿಗೆ ಒಯ್ದರು, ಮೋಟಾರಿಗೆ ಏರಿಸಿದರು. ಆಮೇಲೆ ತಾವು ಏರಿದರು. ಮುಂದಿನ ಬೆಂಚು ಯಾರಿಗೆ ಎಂದು ಸಣ್ಣ ತಕರಾರು ಕೂಡ ಆಯಿತು. ರೂಢಿಯಂತೆ ಮನೆಯಲ್ಲೇ ಕೂರಬೇಕಾದ ಚಾಂದ್ ಬಿ, ಹೆಂಗಸರು ಸೆರಗು ಹಿಡಿದು ಜಗ್ಗುತ್ತಿದ್ದರೂ ಕೇಳದೆ ಹೊಸ್ತಿಲು ದಾಟಿ ಷೆಡ್ಡಿನ ಹಿಂಬಾಗಿಲಲ್ಲಿ ಬಂದು ನಿಂತಳು. ಆಕೆಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು.

ಕ್ಲೀನರ್ ಮೋಟಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದ. ಮೋಟಾರು ಕೆಮ್ಮಿ ಸುಮ್ಮನಾಯಿತು. ಮತ್ತೆ ಮತ್ತೆ ತಿರುಗಿಸಿ ಅವನು ಬೆವರಿದನೇ ಹೊರತು ಮೋಟಾರು ಉಸಿರೆತ್ತಲಿಲ್ಲ. ಸ್ವಲ್ಪ ಇಳಿದು ನೂಕಬೇಕಾಗುತ್ತದೆ ಎಂದ ಹಯಾತ್. ಕೂತವರು ಒಲ್ಲದ ಮನಸ್ಸಿನಿಂದ ಒಬ್ಬೊಬ್ಬರಾಗಿ ಇಳಿದರು. ಮೊದಲು ಕೈ ಕೊಟ್ಟು ನೋಡಿದರು, ಅಲುಗಲಿಲ್ಲ. ಆಗ ಮಡಿವಾಳಪ್ಪ ಒಂದು ಕಡೆ, ಜಹಾಂಗೀರ್ ಸಾಬ್ ಇನ್ನೊಂದು ಕಡೆ, ನಡುವೆ ಉಳಿದವರು, ಮೈ ಬಗ್ಗಿಸಿ ಮೋಟಾರಿನ ಹಿಂಬದಿಗೆ ಹೆಗಲು ಕೊಟ್ಟರು.

ಚಾಂದ್ ಬಿ ಹತ್ತಿರ ಬಂದಳು. ದನಿ ಏರಿಸಲಿಲ್ಲ.

"ಇಷ್ಟೆಲ್ಲ ಹೆಗಲು ನಮ್ಮ ಗಲ್ಲೀಲೇ ಇದ್ವೇನ್ರಿ, ಜಹಾಂಗೀರ್ ಸಾಬ್?"

ಜಹಾಂಗೀರ್ ಸಾಬ್ ಕಾಲು ಸರಿಮಾಡಿ ಊರಿಕೊಂಡ. ಚಕ್ರ ಹಿಡಿದು ಮುಂದೆ ಕೂತಿದ್ದ ಹಯಾತ್ ಸೇಠನಿಗೆ ಅದು ಕೇಳಿಸಲೂ ಇಲ್ಲ. ಇನ್ನೊಂಚೂರು ಜೋರಾಗಿ ನೂಕ್ರಿ ಎಂದ. ಎಲ್ಲರೂ ಸೇರಿ ನೂಕಿದರು.