ತುಳಸಿಯ ತುದಿ

ಚಿಟ್.

ಇಷ್ಟೇ ಸದ್ದು, ಮಧ್ಯರಾತ್ರಿ ಕಳೆದ ಮೇಲೆ. ಕಳ್ಳ ಇಷ್ಟು ನಯವಾಗಿ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಲಟ್ಟಣಿಗೆ ಹಿಡಿದೇ ಬಾಲ್ಕನಿಗೆ ಹೋದೆ. ನೋಕಿಯಾ ಫೋನಿನ ಟಾರ್ಚ್ ಬೆಳಕಿನಲ್ಲಿ ಕಂಡವರು ಅತ್ತೆ. ಎದುರಿಗೆ ತುಳಸಿ ಕುಂಡ, ಬೆರಳುಗಳ ನಡುವೆ ಅದರ ತುದಿ.

ಎಲ್ಲಕ್ಕೂ ಮೂಲ ಥಾಣೆ ಪೇಟೆಯ ಹಲ್ಲಿನ ಡಾಕ್ಟರು. ಆ ಸಂಜೆ ಅವರು "ಅಪಿಕಲ್ ಇನ್ಫೆಕ್ಷನ್" ಅಂದದ್ದೇ ಅತ್ತೆ ಬೆವೆತುಹೋಗಿದ್ದರು.

"ಅದು ಕ್ಯಾನ್ಸರಾ ಊರ್ಮಿಳಾ?" ಮನೆಗೆ ಮರಳುವ ಡೊಂಬಿವಲಿ ಲೋಕಲ್ ರೈಲಿನಲ್ಲಿ ನನ್ನ ಕೈ ಹಿಡಿದು ಕೇಳಿದರು.

"ಅಲ್ಲ ಅತ್ತೆ. ಅಪಿಕಲ್ ಅಂದ್ರೆ ತುದಿಯದ್ದು, ಅಷ್ಟೇ. ನಿಮಗೆ ಹಲ್ಲಿನ ಬೇರಿನ ತುದಿ. ಹೃದಯಕ್ಕೂ ತುದಿ ಉಂಟು, ಡಾಕ್ಟರು ಅಲ್ಲೇ ಬಡಿತ ಕೇಳುದು. ಗಿಡದ ನೆತ್ತಿಯ ಮೊಗ್ಗೂ ಅಪಿಕಲ್. ಅದು ಇರುವವರೆಗೆ ಪಕ್ಕದ ಮೊಗ್ಗುಗಳನ್ನು ಏಳಲಿಕ್ಕೆ ಬಿಡುದಿಲ್ಲ. ಚಿವುಟಿದರೆ ಗಿಡ ಪೊದೆ ಆಗ್ತದೆ."

"ತುಳಸಿಯೂ?"

"ತುಳಸಿಯೂ."

"ಛೆ! ತುಳಸಿಯ ತಲೆ ಚಿವುಟುದಾ? ಬಾಯಿ ಮುಚ್ಚು ಮಾರಾಯ್ತಿ."

ನಮ್ಮ ಹೌಸಿಂಗ್ ಸೊಸೈಟಿಯ ತುಳಸಿ ಮದುವೆಗೆ ಎಲ್ಲಕ್ಕಿಂತ ತುಂಬಿಕೊಂಡ ಗಿಡವೇ ಮದುಮಗಳು, ಧಾರೆ ಎರೆಯುವುದು ಆ ಮನೆಯವರು. ಪ್ರತಿ ವರ್ಷ ಅದು ಕೆಳಮನೆಯ ಶ್ರೀಮತಿಯಕ್ಕನದು. ನಮ್ಮದು ಕೊಡೆಯ ಕಡ್ಡಿಯ ಹಾಗೆ ಬರೀ ಉದ್ದ. ಹೆಣ್ಣುಮಕ್ಕಳಿಲ್ಲದ ಅತ್ತೆಗೆ ಒಮ್ಮೆಯಾದರೂ ಮಾವನ ಪಕ್ಕ ಕೂತು ಧಾರೆ ಎರೆಯುವ ಆಸೆ.

"ಅತ್ತೆ, ಕತ್ತಲಾದ ಮೇಲೆ ತುಳಸಿ ಮುಟ್ಟಬಾರದು ಅಂತ ನೀವೇ..." ಈಗ ಬಾಲ್ಕನಿಯಲ್ಲಿ ನಾನು ಪಿಸುಗುಟ್ಟಿದೆ.

"ಹಗಲು ತುಳಸಿ ನೋಡ್ತಾಳಲ್ಲ! ನಿದ್ದೆಯಲ್ಲಿ ಆದ್ರೆ ನೋವು ಗೊತ್ತಾಗುದಿಲ್ಲ."

ಒಳಗಿನಿಂದ ನನ್ನ ಗಂಡ ರಂಜನ್, "ಯಾರದು?" ಎಂದರು. ಅತ್ತೆ ತುದಿಯನ್ನು ಬಾಯಿಗೆ ಹಾಕಿ ನುಂಗಿಯೇಬಿಟ್ಟರು.

"ಹಲ್ಲುನೋವು ಮಗಾ, ಮಲಗು ನೀನು!"

ಸೆರಗು ಬಾಯಿಗೆ ತುರುಕಿಕೊಂಡು ನಾವಿಬ್ಬರೂ ನೆಲದ ಮೇಲೆ ಕುಸಿದು ನಕ್ಕೆವು. ಕೊನೆಗೆ ಕೈಯಲ್ಲಿದ್ದ ಲಟ್ಟಣಿಗೆಯೂ ಉರುಳಿಹೋಯಿತು.

ಕಾರ್ತಿಕದ ಹೊತ್ತಿಗೆ ನಮ್ಮ ತುಳಸಿ ನಾಲ್ಕೂ ದಿಕ್ಕಿಗೆ ಚಿಗುರಿ, ಕುಂಡವೇ ಕಾಣದಷ್ಟು ಹಬ್ಬಿತು. ಧಾರೆ ಎರೆಯುವಾಗ ಅತ್ತೆ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ನೀರಂತೂ ಮಾವನ ಪಂಚೆಯ ಮೇಲೆಲ್ಲ ಚೆಲ್ಲಿತು.

"ಎಂತ ಗೊಬ್ಬರ ಹಾಕಿದ್ದು ಚಂಪಕ್ಕ?" ಶ್ರೀಮತಿಯಕ್ಕ ಅತ್ತೆಯನ್ನು ಕೇಳಿದರು.

"ಎಂತದೂ ಇಲ್ಲ. ಭಕ್ತಿ."

"ನನ್ನದೂ ಅದೇ, ಇಷ್ಟು ವರ್ಷ," ಎಂದರು ಅವರು, ಸ್ವಲ್ಪ ಬೇಗನೇ.

ಎಲ್ಲವನ್ನೂ ಎರಡು ಸಲ ನೋಡುವುದು ನನ್ನ ಅಭ್ಯಾಸ. ಮೂಲೆಯಲ್ಲಿದ್ದ ಅವರ ತುಳಸಿಯತ್ತ ಬಗ್ಗಿದೆ. ಪ್ರತಿ ಕೊಂಬೆಯ ತುದಿಯಲ್ಲೂ ಉಗುರಿನ ಹಳೆಯ ಗಾಯ, ಅಚ್ಚುಕಟ್ಟಾಗಿ.

ನಗು ಗಂಟಲಿನವರೆಗೆ ಬಂತು. ಅವಲಕ್ಕಿ ಪ್ರಸಾದ ಬಾಯಿ ತುಂಬ ಹಾಕಿಕೊಂಡೆ. ಇದನ್ನು ಯಾರಿಗೂ ಹೇಳುವುದಿಲ್ಲ, ಅತ್ತೆಗೂ.