ಒರೆಸಿದ ಎಲೆ

ಗರಗಸದವನು ಯಂತ್ರದ ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಸೊಸೆ ಬಂದು ಮೊದಲನೇ ಕಿತ್ತಳೆ ಮರದ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಳು. ಅವನು ಯಜಮಾನರ ಮುಖ ನೋಡಿದ. ಯಜಮಾನರು, ಅಂದರೆ ಅವಳ ಮಾವ, ಅವಳ ಮುಖ ನೋಡಿದರು. ಗಂಡ ಯಾರ ಮುಖವನ್ನೂ ನೋಡದೆ ಪಂಪಿನ ನಟ್ಟು ಬಿಗಿ ಮಾಡಲು ಹೋದ. ಅದು ಸಡಿಲವೇ ಆಗಿರಲಿಲ್ಲ.

ಆ ಸಾಲಿನ ನಲವತ್ತು ಸಸಿಗಳಿಗೂ ಅವಳೇ ಕೊಡದಲ್ಲಿ ನೀರು ಹೊತ್ತಿದ್ದಳು. ನೆಟ್ಟು ಆಗಿರುವುದು ಹನ್ನೆರಡು ವರ್ಷವಷ್ಟೇ. ಮೂರು ಕೊಯ್ಲಿನಿಂದ ಎಲೆಯೇನೋ ಸೊಂಪಾಗಿತ್ತು. ಹಣ್ಣು ಮಾತ್ರ ನಿಂಬೆಯಷ್ಟಾಗಿ, ತೆಳ್ಳನೆಯ ಸಿಪ್ಪೆ ಬಿರಿದು ಉದುರುತ್ತಿತ್ತು. ನಿನ್ನೆ ಬಂದ ವ್ಯಾಪಾರಿಯ ಕಬ್ಬಿಣದ ಅಳತೆಬಳೆಯಲ್ಲಿ ಈ ತುದಿಯ ಮರಗಳ ಒಂದು ಹಣ್ಣೂ ನಿಲ್ಲಲಿಲ್ಲ, ಎಲ್ಲ ತೂರಿ ಕೆಳಗೆ ಬಿದ್ದವು. ಈ ಸಾಲು ಬೇಡವೆಂದು ಹೊರಟವನು ಬಳೆಯನ್ನು ಕೊಂಬೆಯಲ್ಲೇ ಮರೆತಿದ್ದ. ಮರಕ್ಕೆ ಮುಪ್ಪು ಬಂತು, ಕಡಿಸುವುದೇ ಸೈ ಎಂದು ಮಾವ ತೀರ್ಮಾನಿಸಿದರು.

ಮುಪ್ಪಲ್ಲ, ಹಸಿವು ಎಂದು ಅವಳು ಎರಡು ವರ್ಷದಿಂದ ಬಡಕೊಳ್ಳುತ್ತಿದ್ದಳು. ಬರೀ ಯೂರಿಯಾ ಸುರಿದರೆ ಎಲೆ ಬರುತ್ತದೆ, ಹಣ್ಣು ದಪ್ಪವಾಗಲು ಪೊಟ್ಯಾಷ್ ಬೇಕು. ನೋಡೇಬಿಡೋಣವೆಂದು ಮಾವ ಎಲೆಗಳನ್ನು ಪರೀಕ್ಷೆಗೆ ಕಳಿಸಿದ್ದರು. ಆದರೆ ಯಾವ ಎಲೆ? ಮನೆ ಮುಂದಿನ ಮರದಿಂದ ಚುಕ್ಕೆಯಿಲ್ಲದ್ದನ್ನೇ ಆರಿಸಿ, ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ನಾಲ್ಕು ಜನ ನೋಡುವಂಥದ್ದು, ಮನೆಯ ಮರ್ಯಾದೆ ಎಂದಿದ್ದರು. ಕೊರತೆಯಿಲ್ಲ ಎಂದೇ ವರದಿ ಬಂತು. ಅವಳು ಈ ಸಾಲಿನದೇ ಎಲೆ ಕಳಿಸಿ, ಪೊಟ್ಯಾಷ್ ತೀರ ಕಡಿಮೆಯೆಂಬ ಕಾಗದ ತರಿಸಿದರೆ ಅದನ್ನು ಓದಲೂ ಇಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ತೋಟದ ವಿಷಯದಲ್ಲಿ ಕೈ ಹಾಕಬೇಡ ಎಂದುಬಿಟ್ಟರು. ಅವಳಿಗೆ ಮೈಯೆಲ್ಲ ಉರಿದಿತ್ತು.

"ಏಳಮ್ಮ," ಎಂದರು ಮಾವ. "ಕೆಲಸದವನು ಕಾಯ್ತಿದ್ದಾನೆ."

"ಕಾಯಲಿ ಮಾವ. ಉಣ್ಣೋಕೆ ಹಾಕದೆ ಮುದಿಯಾದೆ ಅಂದ್ರೆ ಮರ ಏನು ಮಾಡುತ್ತೆ?"

"ನನಗೇ ಪಾಠ ಹೇಳ್ತೀಯಾ?"

"ಹೇಳ್ತೀನಿ. ನೀವು ಬೇಡ ಅಂದ ಮೇಲೂ ಆ ಕೊನೆಯ ಮೂರು ಮರಕ್ಕೆ ಪೊಟ್ಯಾಷ್ ಹಾಕಿದ್ದೀನಿ. ಮೂರು ಕಂತಲ್ಲಿ, ಹಾಡಹಗಲೇ. ಮಂಡಿನೋವು ಅಂತ ನೀವು ಅಲ್ಲಿವರೆಗೆ ಬರಲಿಲ್ಲ ಅಷ್ಟೆ. ಇವತ್ತು ಬನ್ನಿ. ನೋಡಿದ ಮೇಲೂ ಕಡಿಸ್ತೀನಿ ಅಂದ್ರೆ ಆ ಹಗ್ಗ ನಾನೇ ಎಳೀತೀನಿ."

ಮಾವ ಕೊಂಬೆಯಿಂದ ಬಳೆ ತೆಗೆದುಕೊಂಡು, ಮಂಡಿ ಹಿಡಿದುಕೊಂಡೇ ಹೊರಟರು. ಅವಳು ಹಿಂದೆ ಹೋಗಲಿಲ್ಲ, ಕುಳಿತಲ್ಲೇ ಕುಳಿತಳು. ದೂರದಲ್ಲಿ ಅವರು ಒಂದು ಹಣ್ಣು ಕಿತ್ತು ಬಳೆಯ ಮೇಲಿಟ್ಟರು. ಹೆಬ್ಬೆರಳಿನಿಂದ ಒತ್ತಿದರು, ತಿರುಗಿಸಿ ಒತ್ತಿದರು. ಹಣ್ಣು ತೂರಲಿಲ್ಲ. ಪಕ್ಕದ ಮರದ್ದೂ ಅಷ್ಟೆ, ಅದರಾಚೆಯದೂ ಅಷ್ಟೆ.

ಹಿಂತಿರುಗಲು ಬಹಳ ಹೊತ್ತು ಹಿಡಿಯಿತು. ಏನು ಮಾಡಲಿ ಎಂದು ಗರಗಸದವನು ಕೇಳಿದ. ಮಾವ ಸೊಸೆಯ ತಲೆಯ ಮೇಲಿನ ಕೊಂಬೆಗೆ ಕೈ ಚಾಚಿ, ಧೂಳು ಕೂತ ಒಂದು ಎಲೆ ಕಿತ್ತರು. ಒರೆಸಲೆಂದು ಹೆಗಲ ಮೇಲಿನ ಟವೆಲ್ ಎಳೆದುಕೊಂಡವರು ಅಲ್ಲೇ ಕೈ ತಡೆದರು. ಎಲೆಯನ್ನು ಧೂಳು ಸಮೇತ ಅಂಗಿಯ ಜೇಬಿಗೆ ಹಾಕಿಕೊಂಡು, ಇನ್ನೊಂದಕ್ಕೆ ಕೈ ಚಾಚಿದರು.